ಪೋರ್ಟ್‌ಲ್ಯಾಂಡಿಗೆ ಬೇಸ್‌ಬಾಲ್ ತಂಡ ಬರುತ್ತಂತೆ, ಹೌದಾ? ಹೊಸದಾಗಿ ಬಂದವರಿಗೆ ಒಂದಿಷ್ಟು ವಿಷಯ

ಒರೆಗಾನ್‌ನ ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೊ, ಬೀವರ್ಟನ್, ಬೆಥನಿ ಕಡೆಗೆ ಹೊಸದಾಗಿ ಬಂದವರು ಮೊದಲು ಕೇಳುವುದು ಮನೆ, ಶಾಲೆ, ಡ್ರೈವಿಂಗ್ ಲೈಸೆನ್ಸ್ ವಿಷಯ. ಅದನ್ನು ಹೇಳುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಆಫೀಸಿನಲ್ಲಿ ಊಟದ ಹೊತ್ತಿಗೆ ಇನ್ನೊಂದು ಮಾತು ಕಿವಿಗೆ ಬೀಳುತ್ತದೆ: ಪೋರ್ಟ್‌ಲ್ಯಾಂಡಿಗೆ ಮೇಜರ್ ಲೀಗ್ ಬೇಸ್‌ಬಾಲ್ (ಅಮೆರಿಕದ ಅತಿ ಮೇಲಿನ ಮಟ್ಟದ ಬೇಸ್‌ಬಾಲ್) ಬರುತ್ತದೆ, ನದಿ ದಂಡೆಯಲ್ಲಿ ಸ್ಟೇಡಿಯಂ ಏಳುತ್ತದೆ. ಅರ್ಧ ಜನ ಖುಷಿಯಲ್ಲಿ ಹೇಳುತ್ತಾರೆ, ಇನ್ನರ್ಧ ಜನ ನಗುತ್ತಾ ಹೇಳುತ್ತಾರೆ. ಯಾಕೆ ನಗುತ್ತಾರೆ ಅಂತ ಗೊತ್ತಿದ್ದರೆ ನೀವೂ ಆ ಮಾತಿಗೆ ಸೇರಿಕೊಳ್ಳಬಹುದು.

ಸದ್ಯದ ಸ್ಥಿತಿ ಇಷ್ಟು. ಜಾಗ ಗುರುತಿಸಿದ್ದಾರೆ. ದುಡ್ಡಿನ ಒಂದು ಭಾಗಕ್ಕೆ ಕಾನೂನು ಆಗಿದೆ. ತಂಡ ಮಾತ್ರ ಇಲ್ಲ. ಅದನ್ನು ಕೊಡಬೇಕಾದ ಮೇಜರ್ ಲೀಗಿನವರು ಇನ್ನೂ ಅರ್ಜಿಯನ್ನೇ ಕರೆದಿಲ್ಲ.

ಈ ಊರಿನ ಆಸೆ ಹಳೆಯದು. 1964ರಲ್ಲೇ ಡೆಲ್ಟಾ ಡೋಮ್ ಅಂತ ಮುಚ್ಚಿದ ಛಾವಣಿಯ ದೊಡ್ಡ ಸ್ಟೇಡಿಯಂ ಕಟ್ಟಲು ಹೊರಟಿದ್ದರು. ಮತದಾರರು ಬೇಡ ಅಂದರು. 2003ರಲ್ಲಿ ಮಾಂಟ್ರಿಯಲ್ ಎಕ್ಸ್‌ಪೋಸ್ ತಂಡ ಹೊಸ ಊರು ಹುಡುಕುತ್ತಿತ್ತು. ಅದನ್ನು ಇಲ್ಲಿಗೆ ಕರೆತರಲು ಒರೆಗಾನ್ ಶಾಸನಸಭೆ 15 ಕೋಟಿ ಡಾಲರ್ ಬಾಂಡಿಗೆ, ಅಂದರೆ ಸರ್ಕಾರ ಎತ್ತುವ ಸಾಲಕ್ಕೆ, ಒಪ್ಪಿಗೆ ಕೊಟ್ಟಿತು. ಎಕ್ಸ್‌ಪೋಸ್ 2005ರಲ್ಲಿ ವಾಷಿಂಗ್ಟನ್ ಡಿಸಿಗೆ ಹೋಗಿ ನ್ಯಾಷನಲ್ಸ್ ಆಯಿತು. ಕೆಳಗಿನ ಮಟ್ಟದ ಮೈನರ್ ಲೀಗಿನ ಬೀವರ್ಸ್ ತಂಡವಾದರೂ ಊರಿನಲ್ಲಿತ್ತು. 2010ರ ನಂತರ ಅದೂ ಹೋಯಿತು. ಟಿಂಬರ್ಸ್ ಫುಟ್‌ಬಾಲ್ ತಂಡ ಮೇಜರ್ ಲೀಗ್ ಸಾಕರ್‌ಗೆ ಸೇರಿದಾಗ, ಎರಡೂ ತಂಡಗಳು ಆಡುತ್ತಿದ್ದ ಮೈದಾನವನ್ನು ಪೂರ್ತಿ ಸಾಕರ್‌ಗೆ ಬದಲಾಯಿಸಿದರು. ಮ್ಯಾಕ್ಸ್ ರೈಲಿನಲ್ಲಿ ಹೋಗುವಾಗ ಕಾಣುವ ಪ್ರಾವಿಡೆನ್ಸ್ ಪಾರ್ಕ್ ಅದೇ. ಬೇಸ್‌ಬಾಲನ್ನು ಹೊರಗೆ ಕಳಿಸಿದ ಊರೇ ಈಗ ಬಾ ಬಾ ಅಂತಿದೆ ಅಂತ ಹಳಬರು ಕಿಚಾಯಿಸುವುದು ಇದಕ್ಕೇ.

ಈಗಿನ ಪ್ರಯತ್ನದ ಹಿಂದೆ ಇರುವುದು ಪೋರ್ಟ್‌ಲ್ಯಾಂಡ್ ಡೈಮಂಡ್ ಪ್ರಾಜೆಕ್ಟ್ ಎಂಬ ಗುಂಪು. ಶುರು ಮಾಡಿದವರು ಕ್ರೇಗ್ ಚೀಕ್, ಮೊದಲು ನೈಕಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಅಮೆರಿಕನ್ ಫುಟ್‌ಬಾಲ್ ಆಟಗಾರ ರಸೆಲ್ ವಿಲ್ಸನ್, ಗಾಯಕಿ ಸಿಯಾರಾ ಕೂಡ ಕೈಜೋಡಿಸಿದರು. ಮೊದಲು ನದಿ ಪಕ್ಕದ ಟರ್ಮಿನಲ್ 2 ಅಂದರು. ಆಮೇಲೆ ಬೇರೆ ಬೇರೆ ಜಾಗಗಳ ಹೆಸರು ಬಂತು. 2024ರಲ್ಲಿ ಸೌತ್ ವಾಟರ್‌ಫ್ರಂಟ್‌ನ ಜೈಡೆಲ್ ಯಾರ್ಡ್ಸ್ ಕೊಳ್ಳುವ ಇರಾದೆ ಪತ್ರಕ್ಕೆ ಸಹಿ ಹಾಕಿದರು. ಸುಮಾರು 33 ಎಕರೆ. ಎರಡನೇ ಮಹಾಯುದ್ಧದ ಹಡಗುಗಳನ್ನು ಒಡೆದು ಗುಜರಿ ಮಾಡಿ, ಮುಂದೆ 2017ರವರೆಗೂ ಬಾರ್ಜ್ ಕಟ್ಟುತ್ತಿದ್ದ ಜಾಗ ಅದು. ಜಾಗವೇನೋ ಚೆನ್ನಾಗಿದೆ, ನನಗೂ ಇಷ್ಟ. ಪಕ್ಕದಲ್ಲೇ ಕಾರುಗಳಿಗೆ ಪ್ರವೇಶವಿಲ್ಲದ ಟಿಲಿಕಮ್ ಸೇತುವೆ, ಮ್ಯಾಕ್ಸ್ ಆರೆಂಜ್ ಲೈನ್, ಸ್ಟ್ರೀಟ್‌ಕಾರ್, ಗುಡ್ಡದ ಮೇಲಿನ ಆಸ್ಪತ್ರೆಗೆ ಹೋಗುವ ಟ್ರಾಮ್ ಎಲ್ಲ ಇವೆ. ಹಿಲ್ಸ್‌ಬರೊದಿಂದ ಬ್ಲೂ ಲೈನ್ ಹತ್ತಿ ಡೌನ್‌ಟೌನ್‌ನಲ್ಲಿ ಬದಲಾಯಿಸಿದರೆ ಆಯಿತು. ಕಾರಿನಲ್ಲಿ ಹೋಗುವವರ ಪಾಡು ಬೇರೆ. ಅಲ್ಲಿನ ರಸ್ತೆಗಳು ಈಗಲೇ ಇಕ್ಕಟ್ಟು.

ಈಗ ದುಡ್ಡಿನ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ "ನಮ್ಮ ತೆರಿಗೆಯಲ್ಲಿ ಸ್ಟೇಡಿಯಂ ಕಟ್ಟುತ್ತಾರಂತೆ" ಅಂತ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಹಾಕೇ ಹಾಕುತ್ತಾರೆ. ಒರೆಗಾನ್‌ನಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ. ಅಂಗಡಿಯಲ್ಲಿ ಬರೆದ ಬೆಲೆಯೇ ಕೊಡುವ ಬೆಲೆ. ಬೇರೆ ಎಷ್ಟೋ ಊರುಗಳು ಸೇಲ್ಸ್ ಟ್ಯಾಕ್ಸ್ ಒಂಚೂರು ಏರಿಸಿ ಸ್ಟೇಡಿಯಂ ಕಟ್ಟಿಕೊಂಡಿವೆ. ಇಲ್ಲಿ ಆ ದಾರಿಯೇ ಇಲ್ಲ. ಇರುವುದು ಆದಾಯ ತೆರಿಗೆ, ಅದು ಮೇಲಿನ ಹಂತದಲ್ಲಿ 9.9 ಶೇಕಡಾ. ನಿಮ್ಮ ಮೊದಲ ಪೇ ಸ್ಟಬ್ ನೋಡಿದಾಗಲೇ ಅದರ ಬಿಸಿ ತಟ್ಟಿರುತ್ತದೆ.

ಆಟಗಾರರಿಗೂ ಇದೇ ತೆರಿಗೆ. ಹೊರಗಿನ ತಂಡದವನೂ ಒರೆಗಾನ್‌ನಲ್ಲಿ ಕೆಲಸ ಮಾಡಿದ ದಿನಗಳ ಪಾಲಿಗೆ ಇಲ್ಲಿ ತೆರಿಗೆ ಕಟ್ಟಬೇಕು. ನದಿಯಾಚೆ ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್‌ನಲ್ಲಿ ಮನೆ ಮಾಡಿ ಹಿಲ್ಸ್‌ಬರೊ ಆಫೀಸಿಗೆ ಬರುವ ನಮ್ಮವರು ಕಟ್ಟುತ್ತಾರಲ್ಲ, ಹಾಗೆಯೇ. ಮೇಜರ್ ಲೀಗ್ ಆಟಗಾರರ ಸಂಬಳವೋ ದೊಡ್ಡದು. ಅವರ ಮತ್ತು ತಂಡದ ಸಿಬ್ಬಂದಿಯ ತೆರಿಗೆಯಿಂದಲೇ ಬಾಂಡಿನ ಸಾಲ ತೀರಿಸುವುದು 2003ರ ಯೋಜನೆಯಾಗಿತ್ತು. ಇಲ್ಲಿನವರು ಇದನ್ನು ಜಾಕ್ ಟ್ಯಾಕ್ಸ್ ಅನ್ನುತ್ತಾರೆ. 2025ರಲ್ಲಿ ಸೆನೆಟ್ ಬಿಲ್ 110 ಅದೇ ಯೋಜನೆಯ ಮಿತಿಯನ್ನು 80 ಕೋಟಿ ಡಾಲರಿಗೆ ಏರಿಸಿತು, ಗವರ್ನರ್ ಟೀನಾ ಕೋಟೆಕ್ ಸಹಿ ಹಾಕಿದರು. ತಂಡವೇ ಬರದಿದ್ದರೆ ಆ ತೆರಿಗೆಯೂ ಇಲ್ಲ, ಸಾಲವೂ ಇಲ್ಲ. ಹಾಗಾಗಿ ನಿಮ್ಮ ಪೇ ಸ್ಟಬ್‌ನಲ್ಲಿ ಹೊಸ ಕಡಿತ ಬರುತ್ತದೆ ಅಂತ ಹೆದರಬೇಕಿಲ್ಲ. ಹಾಗಂತ ಇದು ಪುಕ್ಕಟೆ ದುಡ್ಡು ಅನ್ನುವವರ ಮಾತನ್ನೂ ನಾನು ನಂಬುವುದಿಲ್ಲ. ಸಾಲಕ್ಕೆ ಹೋದ ತೆರಿಗೆ ಶಾಲೆಗೆ, ರಸ್ತೆಗೆ ಬರುವುದಿಲ್ಲ. ಸ್ಟೇಡಿಯಂನಿಂದ ಊರು ಶ್ರೀಮಂತವಾಗುತ್ತದೆ ಎಂಬುದನ್ನು ಬಹುತೇಕ ಅರ್ಥಶಾಸ್ತ್ರಜ್ಞರು ಒಪ್ಪುವುದಿಲ್ಲ.

ಪೈಪೋಟಿಯೂ ಜೋರಾಗಿದೆ. ಮೇಜರ್ ಲೀಗಿನಲ್ಲಿ ಈಗ 30 ತಂಡ. ಕೊನೆಯ ಬಾರಿ ಹೊಸ ತಂಡಗಳು ಸೇರಿದ್ದು 1998ರಲ್ಲಿ, ಅರಿಜೋನಾ ಮತ್ತು ಟ್ಯಾಂಪಾ ಬೇ. ಲೀಗಿನ ಮುಖ್ಯಸ್ಥ, ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ 2029ರ ಜನವರಿಯಲ್ಲಿ ನಿವೃತ್ತಿಯಾಗುವ ಮುಂಚೆ ಇನ್ನೆರಡು ಊರುಗಳನ್ನು ಆರಿಸುವ ಆಸೆ ಹೇಳಿಕೊಂಡಿದ್ದಾರೆ. ಆ ಎರಡಕ್ಕೆ ಸಾಲ್ಟ್ ಲೇಕ್ ಸಿಟಿ, ನ್ಯಾಶ್‌ವಿಲ್, ಷಾರ್ಲಟ್, ರಾಲಿ ಎಲ್ಲ ಕಾಯುತ್ತಿವೆ. ನಮಗೆ ನಿಜವಾದ ತಲೆನೋವು ಸಾಲ್ಟ್ ಲೇಕ್. ಅದೂ ಪಶ್ಚಿಮದ ಊರು. ಯೂಟಾ ಸರ್ಕಾರ 2024ರಲ್ಲೇ 90 ಕೋಟಿ ಡಾಲರ್‌ವರೆಗೆ ಕೊಡಲು ದಾರಿ ಮಾಡಿಟ್ಟಿದೆ, ಬೆನ್ನಿಗೆ ಮಿಲ್ಲರ್ ಕುಟುಂಬದಂಥ ದುಡ್ಡಿನ ಕುಳ ಇದೆ. ಹೊಸ ತಂಡಕ್ಕೆ ಈಗಿನ ಮಾಲೀಕರಲ್ಲಿ ಮುಕ್ಕಾಲು ಪಾಲು ಜನ ಕೈ ಎತ್ತಬೇಕು. ಅವರು ನೋಡುವುದು ನಮ್ಮ ಉತ್ಸಾಹವನ್ನಲ್ಲ, ಗಂಟನ್ನು. ಇದರ ಜೊತೆಗೆ ಆಟಗಾರರ ಸಂಘದ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಆ ಜಗ್ಗಾಟ ಮುಗಿಯದೆ ಹೊಸ ತಂಡದ ಮಾತು ಮುಂದೆ ಹೋಗುವುದು ಅನುಮಾನ.

ಇದನ್ನೆಲ್ಲ ಹೇಳಲು ಕಾರಣ ಇದೆ. ಸೌತ್ ವಾಟರ್‌ಫ್ರಂಟ್‌ನ ಕಾಂಡೋ ತೋರಿಸುವಾಗ ರಿಯಲ್ಟರ್ "ಪಕ್ಕದಲ್ಲೇ ಸ್ಟೇಡಿಯಂ, ಬೆಲೆ ಡಬಲ್ ಆಗುತ್ತೆ" ಅಂದರೆ ಸುಮ್ನೆ ತಲೆ ಆಡಿಸಿ. ಆ ಮಾತಿಗೆ ಒಂದು ಡಾಲರ್ ಕೂಡ ಜಾಸ್ತಿ ಕೊಡಬೇಡಿ. ತಿಂಗಳ ಎಚ್‌ಒಎ (ಮನೆ ಮಾಲೀಕರ ಸಂಘದ ಶುಲ್ಕ) ಎಷ್ಟು, ಕಟ್ಟಡದ ರಿಪೇರಿ ನಿಧಿ ಹೇಗಿದೆ ಅಂತ ಕೇಳಿ. ವೀಸಾದ ಮೇಲೆ ಇರುವವರು ಊರು ಬಿಡಬೇಕಾಗಿ ಬಂದರೆ ಮನೆ ಬೇಗ ಮಾರಲು ಆಗುತ್ತಾ ಅನ್ನುವುದು ದೊಡ್ಡ ಪ್ರಶ್ನೆ, ಬೇಸ್‌ಬಾಲ್ ಅಲ್ಲ.

ಆಟ ನೋಡಲು ಮಾತ್ರ ಕಾಯಬೇಕಿಲ್ಲ. ಹಿಲ್ಸ್‌ಬರೊದಲ್ಲೇ ಹಾಪ್ಸ್ ತಂಡ ಇದೆ. 2013ರಲ್ಲಿ ಯಾಕಿಮಾದಿಂದ ಬಂದ ತಂಡ, ಈಗ ಮೇಜರ್ ಲೀಗಿನ ಅರಿಜೋನಾ ಡೈಮಂಡ್‌ಬ್ಯಾಕ್ಸ್‌ನ ಹೈ-ಎ (ಮೈನರ್ ಲೀಗಿನ ಒಂದು ಹಂತ) ಮಟ್ಟದ ತಂಡ. ಇಂದು ಇಲ್ಲಿ ಆಡಿದ ಹುಡುಗ ನಾಲ್ಕು ವರ್ಷದಲ್ಲಿ ಟಿವಿಯಲ್ಲಿ ಕಾಣಬಹುದು. 2026ರ ಸೀಸನ್‌ಗೆಂದು ಹಳೆಯ ಮೈದಾನದ ಪಕ್ಕದಲ್ಲೇ ಹೊಸದನ್ನು ಕಟ್ಟಿದ್ದಾರೆ. ಸೀಸನ್ ಏಪ್ರಿಲ್‌ನಿಂದ ಸೆಪ್ಟೆಂಬರ್ ಮೊದಲ ವಾರಗಳವರೆಗೆ. ಸಾಮಾನ್ಯವಾಗಿ ಮಂಗಳವಾರದಿಂದ ಭಾನುವಾರದವರೆಗೆ ಒಂದೇ ಎದುರಾಳಿಯ ಜೊತೆ ಆರು ಪಂದ್ಯ. ಇನ್ನೂ ಅಗ್ಗದ, ಇನ್ನೂ ತಮಾಷೆಯ ಸಂಜೆ ಬೇಕಾದರೆ ಬೇಸಿಗೆಯಲ್ಲಿ ಲೆಂಟ್ಸ್ ಪಾರ್ಕಿನ ವಾಕರ್ ಸ್ಟೇಡಿಯಂಗೆ ಹೋಗಿ. ಅಲ್ಲಿ ಪಿಕಲ್ಸ್ ತಂಡದಲ್ಲಿ ಕಾಲೇಜು ಹುಡುಗರು ಆಡುತ್ತಾರೆ. ಉಪ್ಪಿನಕಾಯಿ ಸೌತೆಕಾಯಿ ವೇಷದ ಮ್ಯಾಸ್ಕಾಟ್ ನೋಡಿದರೆ ಮಕ್ಕಳಿಗೆ ಆಟ ಅರ್ಥವಾಗದಿದ್ದರೂ ಹೊತ್ತು ಹೋಗುತ್ತದೆ. ಮೇಜರ್ ಲೀಗೇ ಬೇಕು ಅಂದರೆ ಸಿಯಾಟಲ್‌ನ ಮರಿನರ್ಸ್, ಕಾರಿನಲ್ಲಿ ಮೂರು ತಾಸು. ಟಕೋಮಾದ ಟ್ರಾಫಿಕ್ ಸಿಕ್ಕರೆ ನಾಲ್ಕು. ಯೂನಿಯನ್ ಸ್ಟೇಷನ್‌ನಿಂದ ಆಮ್‌ಟ್ರ್ಯಾಕ್ ಕ್ಯಾಸ್ಕೇಡ್ಸ್ ರೈಲು ಹಿಡಿದರೆ ಅಲ್ಲಿ ಇಳಿದು ನಡೆದೇ ಸ್ಟೇಡಿಯಂ ಸೇರಬಹುದು.

ಕ್ರಿಕೆಟ್ ಕಣ್ಣಿನಿಂದ ನೋಡುವವರಿಗೆ ಮೊದಲ ದಿನ ಬೇಜಾರಾಗುತ್ತದೆ. ರನ್ನೇ ಬರಲ್ಲ ಅಲ್ವಾ ಅಂತ. ಬ್ಯಾಟ್ಸ್‌ಮನ್ ಬಿಟ್ಟು ಚೆಂಡು ಎಸೆಯುವ ಪಿಚರ್ ಕೈ ನೋಡಿ, ಪಕ್ಕದ ಸೀಟಿನ ಅಜ್ಜನನ್ನು ಮಾತಾಡಿಸಿ. ಏಳನೇ ಇನ್ನಿಂಗ್ಸ್ ನಡುವೆ ಎಲ್ಲರೂ ಎದ್ದು ನಿಂತು ಹಾಡುತ್ತಾರೆ, ಆಟ ಮುಗಿಯಿತು ಅಂತ ಹೊರಡಬೇಡಿ. ಜೂನ್‌ನಲ್ಲೂ ಸೂರ್ಯ ಮುಳುಗಿದ ಕೂಡಲೇ ಇಲ್ಲಿ ಚಳಿ ಶುರುವಾಗುತ್ತದೆ, ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ಸ್ವೆಟರ್, ಶಾಲು ಎರಡೂ ಕಾರಿನಲ್ಲಿರಲಿ.