ಬಾಯೊಳಗಿನ ಬಿಳಿ ಪದರ: ನಾನು ಮಾಡಿಕೊಂಡಿದ್ದು, ಮಾಡಬಾರದಿತ್ತು ಅನಿಸಿದ್ದು

ಮೊದಲು ಕೆಟ್ಟಿದ್ದು ರುಚಿ. ಏನು ತಿಂದರೂ ಬಾಯಲ್ಲಿ ಹತ್ತಿ ತುರುಕಿದ ಹಾಗೆ. ಬಾಯಿಹುಣ್ಣೇ ಇರಬೇಕು ಅಂತ ವಾರವಿಡೀ ಬಿ ಕಾಂಪ್ಲೆಕ್ಸ್ ನುಂಗಿದೆ. ಆಮೇಲೊಂದು ದಿನ ಟಾರ್ಚ್ ಹಿಡಿದು ಕನ್ನಡಿಯಲ್ಲಿ ನೋಡಿದರೆ ಕೆನ್ನೆಯ ಒಳಭಾಗದಲ್ಲಿ, ನಾಲಿಗೆಯ ಮೇಲೆ ಒಡೆದ ಮೊಸರಿನಂಥ ಬಿಳಿ ಚುಕ್ಕೆಗಳು. ಬಟ್ಟೆಯಿಂದ ಒರೆಸಿದಾಗ ಸುಲಿದು ಬಂತು. ಕೆಳಗೆ ಕೆಂಪು ಕೆಂಪು, ಒಂದು ಹನಿ ರಕ್ತ. ಓರಲ್ ಥ್ರಷ್, ಅಂದರೆ ಕ್ಯಾಂಡಿಡಾ ಅನ್ನೋ ಶಿಲೀಂಧ್ರದ ಸೋಂಕು, ಎಂದು ವೈದ್ಯರಿಂದ ಗೊತ್ತಾಗುವ ಹೊತ್ತಿಗೆ ಟಂಗ್ ಕ್ಲೀನರ್‌ನಿಂದ ಕೆರೆದು ಕೆರೆದು ನಾಲಿಗೆಯನ್ನು ಗಾಯ ಮಾಡಿಕೊಂಡಿದ್ದೆ. ಅದು ಮೊದಲ ತಪ್ಪು. ಎರಡನೆಯದು ಲವಂಗದ ಎಣ್ಣೆ. ನೇರವಾಗಿ ಹಚ್ಚಿದೆ, ಸುಟ್ಟಿತು.

ನನಗೆ ನಿಜಕ್ಕೂ ಹಿತ ಕೊಟ್ಟಿದ್ದು ಅಡುಗೆ ಸೋಡಾ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ, ಅಷ್ಟೇ. ಅರ್ಧ ನಿಮಿಷ ಬಾಯಿ ತುಂಬ ಓಡಾಡಿಸಿ ಉಗುಳುವುದು, ದಿನಕ್ಕೆ ನಾಲ್ಕು ಸಲ. ಉಪ್ಪು ನೀರೂ ಆಗುತ್ತೆ, ಆದರೆ ಸುಲಿದ ಜಾಗಕ್ಕೆ ತಗುಲಿದರೆ ಉರಿ ತಡೆಯೋಕಾಗಲ್ಲ. ಸಕ್ಕರೆ ಹಾಕದ ಮೊಸರು ತಿಂದೆ. ತಂಪಾಯಿತು, ಅದಕ್ಕಿಂತ ಹೆಚ್ಚು ಏನೂ ಹೇಳಲಾರೆ. ಆಲ್ಕೊಹಾಲ್ ಇರುವ ಮೌತ್‌ವಾಶ್ ಮಾತ್ರ ಬಿಟ್ಟೆ, ಬಾಯಿ ಇನ್ನಷ್ಟು ಒಣಗುತ್ತದೆ.

ವಾರ ಕಳೆಯಿತು. ಉರಿ ಇಳಿಯಿತು, ಬಿಳಿ ಪದರ ಪೂರ್ತಿ ಹೋಗಲಿಲ್ಲ. ಮತ್ತೆ ವೈದ್ಯರ ಹತ್ತಿರ ಹೋದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಇನ್‌ಹೇಲರ್ ತಗೊಂಡ ಮೇಲೆ ಬಾಯಿ ಮುಕ್ಕಳಿಸ್ತೀರಾ?" ಇಲ್ಲ. ಎಷ್ಟೋ ವರ್ಷದಿಂದ ಅಸ್ತಮಾಕ್ಕೆ ಸ್ಟೀರಾಯ್ಡ್ ಎಳೆದುಕೊಳ್ಳುತ್ತಿದ್ದೇನೆ, ಔಷಧದ ಒಂದು ಪಾಲು ಗಂಟಲಲ್ಲೇ ಕೂರುತ್ತದೆ ಅನ್ನೋದು ತಲೆಗೆ ಹೊಳೆದೇ ಇರಲಿಲ್ಲ. ಅಲ್ಲಿನ ರೋಗನಿರೋಧಕ ಶಕ್ತಿ ಕುಗ್ಗಿ, ಮೊದಲೇ ಬಾಯಲ್ಲಿ ಸುಮ್ಮನಿದ್ದ ಕ್ಯಾಂಡಿಡಾ ತಲೆ ಎತ್ತಿತ್ತು. ಮೂಲ ಅಲ್ಲಿಟ್ಟುಕೊಂಡು ನಾನು ಸೋಡಾ ನೀರು ಮುಕ್ಕಳಿಸುತ್ತಿದ್ದೆ.

ನಿಸ್ಟಾಟಿನ್ ಅನ್ನೋ ಶಿಲೀಂಧ್ರನಾಶಕ ದ್ರಾವಣ ಬರೆದುಕೊಟ್ಟರು. ಆದಷ್ಟು ಹೊತ್ತು ಬಾಯಲ್ಲಿ ಇಟ್ಟುಕೊಂಡು ಆಮೇಲೆ ನುಂಗಬೇಕು. ತಕ್ಷಣ ನೀರು ಕುಡಿದರೆ ಹಾಕಿಕೊಂಡ ಔಷಧ ತೊಳೆದುಹೋಗುತ್ತದೆ. ಅದಕ್ಕೇ ಊಟವಾದ ಮೇಲೆ ತಗೊಳ್ಳುತ್ತಿದ್ದೆ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಇದರ ಕೆಲಸಕ್ಕೆ ಅಡ್ಡ ಬರುತ್ತದೆ, ಒಟ್ಟೊಟ್ಟಿಗೆ ಬಳಸಬಾರದು. ನಾಲ್ಕನೇ ದಿನಕ್ಕೇ ನಾಲಿಗೆ ತಿಳಿಯಾದಂತೆ ಕಂಡು ನಿಲ್ಲಿಸಿಬಿಡೋಣ ಅನಿಸಿತು. ಬಾಯಿ ಪೂರ್ತಿ ಸ್ವಚ್ಛವಾದ ಮೇಲೂ ಎರಡು ದಿನ ಮುಂದುವರಿಸಿ ಅಂದಿದ್ದರು, ಹಾಗೇ ಮಾಡಿದೆ. ಹಳೇ ಟೂತ್‌ಬ್ರಷ್ ಬಿಸಾಡಿದೆ.

ನುಂಗುವಾಗ ನೋವು ಬಂದರೆ, ಪದೇ ಪದೇ ಮರುಕಳಿಸಿದರೆ, ಅಥವಾ ಯಾವ ಕಾರಣವೂ ಕಾಣದೆ ಬಂದರೆ ಮನೆಮದ್ದಿನಲ್ಲಿ ದಿನ ದೂಡಬೇಡಿ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯೂ ಹೀಗೆ ಬಾಯಲ್ಲಿ ಕಾಣಿಸಿಕೊಳ್ಳಬಹುದು. ನನಗೂ ರಕ್ತ ಪರೀಕ್ಷೆ ಮಾಡಿಸಿದರು, ಸರಿಯಾಗಿತ್ತು. ಕೃತಕ ಹಲ್ಲಿನ ಸೆಟ್ ಇರುವವರು ರಾತ್ರಿ ಅದನ್ನು ತೆಗೆದು ತೊಳೆದಿಡಬೇಕು, ಇಲ್ಲದಿದ್ದರೆ ಸೋಂಕು ಅದರಲ್ಲೇ ಉಳಿದು ವಾಪಸ್ ಬರುತ್ತದೆ.

ಈಗ ಇನ್‌ಹೇಲರಿಗೆ ಸ್ಪೇಸರ್, ಅಂದರೆ ಔಷಧ ಗಂಟಲಲ್ಲಿ ಕಡಿಮೆ ಕೂರುವಂತೆ ಮಾಡುವ ಕೊಳವೆ, ಹಾಕಿಕೊಂಡಿದ್ದೇನೆ. ಬೆಳಿಗ್ಗೆ, ರಾತ್ರಿ ಹಲ್ಲುಜ್ಜುವ ಮುನ್ನವೇ ಪಫ್ ತಗೊಳ್ತೀನಿ. ಹೇಗೂ ಬಾಯಿ ಮುಕ್ಕಳಿಸಲೇಬೇಕಲ್ಲ, ಮರೆಯೋ ಮಾತೇ ಇಲ್ಲ.