ರೆಪ್ಪೆ ಬೀಳುವ ಹೊತ್ತು ಬರೆದಿಡಿ: ಮಯಸ್ತೇನಿಯಾ ಇರುವ ಮನೆಗೊಂದು ನೋಟ್‌ಬುಕ್

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುವವಳು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು. ಒಂದೇ ಹಸುವಿನ ಹಾಲು ಬೆಳಿಗ್ಗೆ ಒಂಥರಾ, ಸಂಜೆ ಒಂಥರಾ. ಎರಡನ್ನೂ ಬರೆಯದಿದ್ದರೆ ಲೆಕ್ಕ ತಪ್ಪುತ್ತದೆ. ಅತ್ತೆಯ ಕಾಯಿಲೆ ಗೊತ್ತಾಗಿದ್ದು ಈ ಅಭ್ಯಾಸದಿಂದಲೇ.

ಅಡಿಕೆ ಸುಲಿಯುವ ಕಾಲ. ರಾತ್ರಿ ಹತ್ತರವರೆಗೂ ಮೆಟ್ಟುಗತ್ತಿ ಮುಂದೆ ಕೂರುತ್ತಿದ್ದ ಅತ್ತೆ ಎಂಟಕ್ಕೇ ಏಳತೊಡಗಿದರು. ಎಡಗಣ್ಣಿನ ರೆಪ್ಪೆ ಅರ್ಧ ಮುಚ್ಚಿರುತ್ತಿತ್ತು. ಊಟದ ನಡುವೆ ಅಗಿಯಲು ಆಗದೆ ದವಡೆಗೆ ಕೈ ಕೊಟ್ಟು ಕೂರುತ್ತಿದ್ದರು. "ಏನಿಲ್ಲ ಮಾರಾಯ್ತಿ, ನಿದ್ದೆ ಸಾಕಾಗಿಲ್ಲ" ಅನ್ನುವುದು. ಬೆಳಿಗ್ಗೆ ಎದ್ದರೆ ಎಲ್ಲ ಸರಿ. ಒಂದು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನಮ್ಮ ಸರದಿ ಬಂದಿದ್ದು ಬೆಳಿಗ್ಗೆ ಹತ್ತಕ್ಕೆ. ಆಗ ಎರಡು ರೆಪ್ಪೆಯೂ ಚೆನ್ನಾಗಿ ತೆರೆದಿದ್ದವು. ಕನ್ನಡಕದ ನಂಬರ್ ಬದಲಾಯಿಸಿ ಕಳಿಸಿದರು.

ಅದಾದ ಮೇಲೆ ನಾನು ಡೈರಿಯ ಹಳೇ ರಿಜಿಸ್ಟರ್ ಒಂದನ್ನು ತಂದು ಗೆರೆ ಎಳೆದೆ. ಮೂರು ವಾರದ ಬರಹ ನೋಡಿ ಶಿವಮೊಗ್ಗದ ನರರೋಗ ತಜ್ಞರು ಐದೇ ನಿಮಿಷದಲ್ಲಿ ಕಾಯಿಲೆಯ ಹೆಸರು ಹೇಳಿದರು: ಮಯಸ್ತೇನಿಯಾ. ಆಮೇಲೆ ರಕ್ತಪರೀಕ್ಷೆ ಅದನ್ನೇ ಖಚಿತ ಮಾಡಿತು. ಹಾಗಾಗಿ ಆ ನೋಟ್‌ಬುಕ್ ಇಡುವುದು ಹೇಗೆ ಅಂತ ಹೇಳುತ್ತೇನೆ.

ಮೊದಲು ಕಾಯಿಲೆ ಏನು ಅಂತ ಗೊತ್ತಿರಲಿ. ನರವು ಸ್ನಾಯುವಿಗೆ ಸುದ್ದಿ ಮುಟ್ಟಿಸುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ. ಸ್ನಾಯುವಿನ ಮೇಲೆ ಅದನ್ನು ಹಿಡಿಯುವ ಗ್ರಾಹಕಗಳಿವೆ. ಮಯಸ್ತೇನಿಯಾ ಇರುವ ಹೆಚ್ಚಿನವರಲ್ಲಿ ನಮ್ಮದೇ ರೋಗನಿರೋಧಕ ಶಕ್ತಿ ಆ ಗ್ರಾಹಕಗಳ ಮೇಲೆ ಬೀಳುತ್ತದೆ. ಕೆಲಸ ಮಾಡಿದಷ್ಟೂ ಸ್ನಾಯು ಸೋಲುತ್ತದೆ, ವಿಶ್ರಾಂತಿ ಕೊಟ್ಟರೆ ಚೇತರಿಸಿಕೊಳ್ಳುತ್ತದೆ. ನೋವಿಲ್ಲ, ಜೋಮಿಲ್ಲ. ಬರೀ ಸೋಲು.

ನಮ್ಮ ಕಡೆಯವರಿಗೆ ಇದನ್ನು ಹಾವಿನ ಉದಾಹರಣೆ ಕೊಟ್ಟು ಹೇಳಿದರೆ ಬೇಗ ಅರ್ಥವಾಗುತ್ತದೆ. ಕಟ್ಟುಹಾವು ಕಡಿದವರಿಗೂ ಮೊದಲು ರೆಪ್ಪೆ ಬೀಳುತ್ತದೆ, ಆಮೇಲೆ ಗಂಟಲು, ಆಮೇಲೆ ಉಸಿರು. ಅಲ್ಲಿ ವಿಷ ಕೆಡಿಸುವುದೂ ನರ ಮತ್ತು ಸ್ನಾಯು ಕೂಡುವ ಇದೇ ಜಾಗವನ್ನು. ಕಟ್ಟುಹಾವಿನ ಜಾತಿಗೇ ಸೇರಿದ ತೈವಾನಿನ ಒಂದು ಹಾವಿನ ವಿಷದಿಂದ 1963ರಲ್ಲಿ ಬಂಗಾರೊಟಾಕ್ಸಿನ್ ಎಂಬುದನ್ನು ಬೇರ್ಪಡಿಸಿದರು. ಅದು ಈ ಗ್ರಾಹಕಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹಾಗಾಗಿ ಗ್ರಾಹಕಗಳನ್ನು ಗುರುತಿಸಲು, ಎಣಿಸಲು ವಿಜ್ಞಾನಿಗಳಿಗೆ ಅದೇ ಸಾಧನವಾಯಿತು. 1973ರಲ್ಲಿ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಾಮ್ ಎಂಬಿಬ್ಬರು ವಿದ್ಯುತ್ ಈಲ್ ಮೀನಿನ ಗ್ರಾಹಕವನ್ನು ಮೊಲಗಳಿಗೆ ಚುಚ್ಚಿದರು. ಮೊಲಗಳಿಗೆ ಇದೇ ರೀತಿ ಸ್ನಾಯು ಸೋತಿತು. ಇದು ನಮ್ಮ ದೇಹವೇ ನಮ್ಮ ಮೇಲೆ ತಿರುಗಿ ಬೀಳುವ ಕಾಯಿಲೆ ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು ಆಗ. ಅತ್ತೆಯ ರಕ್ತದಲ್ಲಿ ಹುಡುಕಿದ ಆಂಟಿಬಾಡಿಯ (ಗ್ರಾಹಕದ ಮೇಲೆ ಬೀಳಲು ರೋಗನಿರೋಧಕ ಶಕ್ತಿ ತಯಾರಿಸುವ ಪ್ರೋಟೀನಿನ) ಪರೀಕ್ಷೆ ಹುಟ್ಟಿದ್ದೂ ಆ ಕೆಲಸದಿಂದಲೇ.

ಈಗ ನೋಟ್‌ಬುಕ್. ದಿನಕ್ಕೆ ಮೂರು ಸಲ ಬರೆಯಿರಿ: ಎದ್ದ ಕೂಡಲೇ, ಮಧ್ಯಾಹ್ನ ಊಟಕ್ಕೆ ಮುಂಚೆ, ರಾತ್ರಿ ಮಲಗುವ ಮುಂಚೆ. ಪ್ರತಿ ಸಲವೂ ಗಂಟೆ ಹಾಕಿ. ಮಾತ್ರೆ ತೆಗೆದುಕೊಂಡ ಗಂಟೆಯನ್ನೂ ಪಕ್ಕದಲ್ಲೇ ಬರೆಯಿರಿ. ಈ ಕಾಯಿಲೆಗೆ ಕೊಡುವ ಪೈರಿಡೋಸ್ಟಿಗ್ಮಿನ್ ಮಾತ್ರೆ ಕೆಲಸ ಶುರು ಮಾಡಲು ಸುಮಾರು ಅರ್ಧ ಗಂಟೆ ಬೇಕು, ಮೂರ್ನಾಲ್ಕು ಗಂಟೆ ಇರುತ್ತದೆ. ಮಾತ್ರೆಯ ಹೊತ್ತು ಗೊತ್ತಿಲ್ಲದೆ ಬರೀ ರೆಪ್ಪೆಯ ಸ್ಥಿತಿ ಬರೆದರೆ ಡಾಕ್ಟರಿಗೆ ಏನೂ ಹೇಳಿದಂತಾಗುವುದಿಲ್ಲ.

ರೆಪ್ಪೆ ನೋಡುವುದು ಹೀಗೆ. ಕುರ್ಚಿಯಲ್ಲಿ ಕೂರಿಸಿ, ತಲೆ ಎತ್ತದೆ ಕಣ್ಣು ಮಾತ್ರ ಮೇಲೆತ್ತಿ ಅಟ್ಟದ ತೊಲೆ ನೋಡಲು ಹೇಳಿ. ಒಂದು ನಿಮಿಷದೊಳಗೆ ರೆಪ್ಪೆ ಜಾರಿದರೆ ಎಷ್ಟನೇ ಸೆಕೆಂಡಿಗೆ ಅಂತ ಬರೆಯಿರಿ. ಆಮೇಲೆ ಒಂದು ಕೈಯನ್ನು ಭುಜದ ಮಟ್ಟಕ್ಕೆ ಮುಂದೆ ಚಾಚಲಿ. ಎಷ್ಟು ಸೆಕೆಂಡ್ ಹಿಡಿದರು? ಇನ್ನೊಂದು ಕೈಗೂ ಹಾಗೇ. ಸಂಶೋಧನೆಯಲ್ಲಿ ಬಳಸುವ ಅಳತೆಯಲ್ಲಿ 240 ಸೆಕೆಂಡ್ ಹಿಡಿದರೆ ಸರಿ ಅಂತ ಲೆಕ್ಕ. ಅತ್ತೆ ಮೊದಲ ವಾರ ರಾತ್ರಿ 40ಕ್ಕೇ ಇಳಿಸುತ್ತಿದ್ದರು. ಮೂರನೆಯದು, ಒಂದರಿಂದ ಐವತ್ತರವರೆಗೆ ಗಟ್ಟಿಯಾಗಿ ಎಣಿಸಲಿ. ದನಿ ಯಾವ ಸಂಖ್ಯೆಗೆ ಮೂಗಿನಿಂದ ಬರತೊಡಗಿತು, ಯಾವುದಕ್ಕೆ ತೊದಲಿತು, ಅದನ್ನು ಬರೆಯಿರಿ. ಸುಸ್ತಾಗಿದ್ದರೆ ಬಲವಂತ ಮಾಡಬೇಡಿ. "ಆಗಲಿಲ್ಲ" ಅಂತ ಬರೆಯುವುದೂ ಒಂದು ಲೆಕ್ಕವೇ. ನುಂಗಲು ಕಷ್ಟ ಇರುವವರಿಗೆ ನೀರು ಕುಡಿಸಿ ಪರೀಕ್ಷೆ ಮಾಡಲು ಮಾತ್ರ ಮನೆಯಲ್ಲಿ ಹೋಗಬೇಡಿ.

ಭಾನುವಾರ ಒಂದು ಸಲ ಎಂಟು ಪ್ರಶ್ನೆ ಕೇಳಿ. ಮಾತು, ಅಗಿಯುವುದು, ನುಂಗುವುದು, ಉಸಿರು, ಹಲ್ಲುಜ್ಜುವುದು ಮತ್ತು ತಲೆ ಬಾಚುವುದು, ಕುರ್ಚಿಯಿಂದ ಏಳುವುದು, ಎರಡೆರಡು ಕಾಣುವುದು, ರೆಪ್ಪೆ ಬೀಳುವುದು. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರ ತನಕ ಅಂಕ. ಎಂಟನ್ನೂ ಕೂಡಿದರೆ, ಏನೂ ತೊಂದರೆ ಇಲ್ಲದಿದ್ದರೆ 0, ತೀರಾ ಕೆಟ್ಟಿದ್ದರೆ 24. ಎಂಜಿ-ಎಡಿಎಲ್ ಎಂಬ ಈ ಅಳತೆಯಿಂದಲೇ ಹೊಸ ಔಷಧಗಳನ್ನು ತೂಗುತ್ತಾರೆ. ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕ ಎಫ್‌ಗಾರ್ಟಿಜಿಮಾಡ್ ಎಂಬ ಔಷಧ ಕೆಲಸ ಮಾಡುತ್ತದೋ ಇಲ್ಲವೋ ಎಂದು ನೋಡಿದ್ದೂ ಇದರಲ್ಲೇ. ನನಗೆ ಇದು ತಿಳಿದಾಗ ತುಂಬಾ ಧೈರ್ಯ ಬಂತು. ಅಡುಗೆಮನೆಯಲ್ಲಿ ನಾವು ಕೇಳುವ ಪ್ರಶ್ನೆ, ದೊಡ್ಡ ಸಂಶೋಧನೆಯಲ್ಲಿ ಕೇಳುವ ಪ್ರಶ್ನೆ, ಎರಡೂ ಒಂದೇ.

ಮೊಬೈಲಿನಲ್ಲಿ ಬೆಳಿಗ್ಗೆ ಒಂದು ಫೋಟೊ, ರಾತ್ರಿ ಒಂದು ಫೋಟೊ ತೆಗೆಯಿರಿ. ಒಂದೇ ಜಾಗ, ಒಂದೇ ಬೆಳಕು. ಸಾವಿರ ಮಾತಿಗಿಂತ ಆ ಎರಡು ಫೋಟೊ ಜಾಸ್ತಿ ಹೇಳುತ್ತವೆ.

ಜ್ವರ, ಕೆಮ್ಮು, ಹೊಸ ಮಾತ್ರೆ, ಇಂಜೆಕ್ಷನ್, ಇವನ್ನು ಕೆಂಪು ಇಂಕಿನಲ್ಲಿ ಬರೆಯಿರಿ. ಕಳೆದ ಮಳೆಗಾಲದಲ್ಲಿ ಅತ್ತೆಗೆ ಕೆಮ್ಮು ಹಿಡಿಯಿತು. ಒಂದು ಕಡೆ ಅಜಿಥ್ರೋಮೈಸಿನ್ ಕೊಟ್ಟರು. ಎರಡನೇ ದಿನ ಗಂಜಿ ಕುಡಿಯುವಾಗ ಮೂಗಿಗೆ ಬಂತು. ಸೋಂಕಿನಿಂದ ಹಾಗಾಯಿತೋ ಮಾತ್ರೆಯಿಂದಲೋ ನಾನು ಹೇಳಲಾರೆ, ಎರಡೂ ಈ ಕಾಯಿಲೆಯನ್ನು ಕೆರಳಿಸಬಲ್ಲವು. ಆವತ್ತಿನಿಂದ ಒಂದು ಚೀಟಿ ಬರೆದು ಆಧಾರ್ ಕಾರ್ಡಿನ ಜೊತೆ ಇಟ್ಟಿದ್ದೇನೆ: "ನನಗೆ ಮಯಸ್ತೇನಿಯಾ ಇದೆ. ಜೆಂಟಾಮೈಸಿನ್, ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್, ಅಜಿಥ್ರೋಮೈಸಿನ್, ಕ್ವಿನೈನ್, ಮೆಗ್ನೀಸಿಯಂ ಇಂಜೆಕ್ಷನ್, ಬಿ.ಪಿ.ಗೆ ಕೊಡುವ ಬೀಟಾ ಬ್ಲಾಕರ್ ಕೊಡುವ ಮುಂಚೆ ನನ್ನ ನರರೋಗ ತಜ್ಞರನ್ನು ಕೇಳಿ." ನಿಮ್ಮ ಡಾಕ್ಟರಿಂದ ಈ ಪಟ್ಟಿಯನ್ನು ತಿದ್ದಿಸಿಕೊಳ್ಳಿ. ಹಾಗಂತ ಈಗಾಗಲೇ ತೆಗೆದುಕೊಳ್ಳುತ್ತಿರುವ ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ.

ಒಂದು ವಿಷಯದಲ್ಲಿ ನೋಟ್‌ಬುಕ್ ಬದಿಗಿಡಿ. ಮಲಗಿದರೆ ಉಸಿರು ಕಟ್ಟುವುದು, ಒಂದೊಂದೇ ಪದಕ್ಕೆ ಉಸಿರು ಎಳೆಯುವುದು, ಎಂಜಲೂ ನುಂಗಲಾಗದಿರುವುದು, ಕತ್ತು ನಿಲ್ಲದಿರುವುದು ಕಂಡರೆ ಬೆಳಗಿನ ಬಸ್ಸಿಗೆ ಕಾಯಬೇಡಿ. ಆ ಗಳಿಗೆಯೇ 108ಕ್ಕೆ ಫೋನ್ ಮಾಡಿ. ನಮ್ಮ ಮನೆಯ ಹತ್ತಿರ ಮಳೆಗಾಲದಲ್ಲಿ ಸಿಗ್ನಲ್ ಇರುವುದಿಲ್ಲ, ಮರ ಬಿದ್ದರೆ ರಸ್ತೆಯೂ ಇಲ್ಲ. ಅದಕ್ಕೇ ಜೂನ್ ಬರುವ ಮುಂಚೆ ಪಕ್ಕದ ಮನೆಯ ಜೀಪಿನವರಿಗೆ ಹೇಳಿಟ್ಟಿರುತ್ತೇವೆ. ವೆಂಟಿಲೇಟರ್ ಇರುವ ಹತ್ತಿರದ ಆಸ್ಪತ್ರೆ ಯಾವುದು ಅಂತ ಈಗಲೇ ಕೇಳಿ ತಿಳಿದುಕೊಳ್ಳಿ.

ಬೆಂಗಳೂರಿಗೆ, ನಿಮ್ಹಾನ್ಸ್‌ಗೆ ಹೋಗುವುದಾದರೆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದೇ ಪುಟದ ಸಾರಾಂಶ ಬರೆಯಿರಿ. ಯಾವ ತಿಂಗಳು ಶುರು, ಮೊದಲು ಯಾವ ಸ್ನಾಯು, ಯಾವ ಪರೀಕ್ಷೆ ಆಗಿದೆ, ಈಗ ಎಷ್ಟು ಮಾತ್ರೆ. ಎದೆಯ ಸಿ.ಟಿ. ಸ್ಕ್ಯಾನ್ ಸಿ.ಡಿ. ಮರೆಯಬೇಡಿ. ಎದೆಯಲ್ಲಿರುವ ಥೈಮಸ್ ಗ್ರಂಥಿಯಲ್ಲಿ ಕೆಲವರಿಗೆ ಗಡ್ಡೆ ಇರುತ್ತದೆ. ಗಡ್ಡೆ ಇಲ್ಲದ ಕೆಲವರಿಗೂ ಆ ಗ್ರಂಥಿ ತೆಗೆದರೆ ಅನುಕೂಲ ಅಂತ 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನರಕ್ಕೆ ಕರೆಂಟ್ ಕೊಟ್ಟು ನೋಡುವ ಪರೀಕ್ಷೆಗೆ ಮುಂಚೆ ಮಾತ್ರೆ ಬಿಡಬೇಕೋ ಬೇಡವೋ ಎಂದು ಫೋನಿನಲ್ಲೇ ಕೇಳಿ. ಆಂಟಿಬಾಡಿ ಸಿಗಲಿಲ್ಲ ಅಂದರೆ ಕಾಯಿಲೆ ಇಲ್ಲ ಎಂದಲ್ಲ. 2001ರಲ್ಲಿ ಮಸ್ಕ್ ಎಂಬ ಇನ್ನೊಂದು ಪ್ರೋಟೀನಿನ ವಿರುದ್ಧದ ಆಂಟಿಬಾಡಿ ಪತ್ತೆಯಾಯಿತು, ಅದನ್ನೂ ನೋಡಿಸಬಹುದು.

ಸಂಶೋಧನೆಗೆ ಸೇರುತ್ತೀರಾ ಎಂದು ಯಾರಾದರೂ ಕೇಳಿದರೆ ಹೆದರಬೇಡಿ, ಸುಮ್ನೆ ಸಹಿಯನ್ನೂ ಹಾಕಬೇಡಿ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಕೇಳಿ. ನೈತಿಕ ಸಮಿತಿಯ ಒಪ್ಪಿಗೆ ಇದೆಯಾ ಎಂದು ಕೇಳಿ. ಔಷಧದ ಪ್ರಯೋಗವಾದರೆ ಸಿ.ಟಿ.ಆರ್.ಐ. (ಇಂಥ ಪ್ರಯೋಗಗಳನ್ನು ದಾಖಲಿಸುವ ದೇಶದ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ, 2009ರಿಂದ ನಮ್ಮ ದೇಶದಲ್ಲಿ ಅದು ಕಡ್ಡಾಯ. ಪ್ರಯೋಗದ ಔಷಧಕ್ಕೆ ದುಡ್ಡು ಕೇಳಿದರೆ ಎದ್ದು ಬನ್ನಿ. ಯಾವಾಗ ಬೇಕಾದರೂ ಹೊರಗೆ ಬರುವ ಹಕ್ಕು ನಿಮಗಿದೆ. ಹೊರಗೆ ಬಂದರೂ ಮಾಮೂಲಿ ಚಿಕಿತ್ಸೆ ನಿಲ್ಲಬಾರದು.

ಹೋದ ಸಲ ಅತ್ತೆಯನ್ನು ಒಂದು ಅಧ್ಯಯನಕ್ಕೆ ರಕ್ತ ಕೊಡುತ್ತೀರಾ ಎಂದು ಕೇಳಿದರು. ನಾನು ಪತ್ರವನ್ನು ಎರಡು ಸಲ ಓದಿ ಹೇಳಿದೆ. "ನನಗೆ ಇದರಿಂದ ಏನೂ ಸಿಗಲ್ಲ ಅಂತ ಬರೆದಿದಾರಲ್ಲ?" ಎಂದರು. ಹೌದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೆ ರಿಜಿಸ್ಟರ್ ಬರೆಯೋ ಸೊಸೆ ಇದಾಳೆ. ಇಲ್ಲದವರಿಗೆ ಆಗಲಿ" ಎಂದು ಸಹಿ ಹಾಕಿದರು. ಆವತ್ತು ರಾತ್ರಿ ಬಸ್ ಹತ್ತುವ ಮುಂಚೆ ಮೆಜೆಸ್ಟಿಕ್ಕಿನ ಬೆಂಚಿನ ಮೇಲೆ ಕೂತು ಕೈ ಚಾಚಿಸಿದೆ. ಬಲಗೈ 160 ಸೆಕೆಂಡ್, ಎಡಗೈ 145.