ಮನೆ ಕಟ್ಟುವಾಗಲೇ ಟಿವಿಗಳಿಗೆ ನೆಟ್‌ವರ್ಕ್ ಕೇಬಲ್ ಎಳೆಸಿದೆವು: ನನ್ನ ಅನುಭವ

ಮೋಲ್ಡ್ ಹಾಕುವ ಹಿಂದಿನ ದಿನ ಸಂಜೆ. ಕಂಬಿ ಕಟ್ಟಿ ಆಗಿತ್ತು. ಎಲೆಕ್ಟ್ರಿಷಿಯನ್ ಅಣ್ಣ ಸೆಂಟ್ರಿಂಗ್ ಮೇಲೆ ಕೂತು ಫ್ಯಾನ್ ಬಾಕ್ಸ್‌ಗಳಿಗೆ ಪೈಪ್ ಸೇರಿಸುತ್ತಿದ್ದರು. "ಅಣ್ಣ, ಇನ್ನೂ ನಾಲ್ಕು ಪೈಪ್ ಬೇಕು. ಒಂದಿಂಚಿನದು" ಅಂದೆ.

"ಯಾತಕ್ಕೆ ಮೇಡಂ? ಡಿಶ್ ವೈರಿಗೆ ಆಗಲೇ ಹಾಕಿದೀನಲ್ಲ" ಅಂದರು.

ನಮ್ಮದು ಶಿವಮೊಗ್ಗ. 30/40 ಸೈಟು, ಕೆಳಗೆ ಮೇಲೆ ಎರಡು ಮನೆಯಷ್ಟು ಜಾಗ. ಹಾಲ್‌ನಲ್ಲಿ ಒಂದು ಟಿವಿ, ಅಪ್ಪನ ಕೋಣೆಯಲ್ಲಿ ಒಂದು, ಮೇಲೆ ಒಂದು. ಸೆಟ್‌ಟಾಪ್ ಬಾಕ್ಸ್, ಮೀಡಿಯಾ ಪ್ಲೇಯರ್, ಕ್ಯಾಮೆರಾ ರೆಕಾರ್ಡರ್ ಎಲ್ಲ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಇರಬೇಕು, ಯಾವ ಟಿವಿಯಲ್ಲಿ ಬೇಕಾದರೂ ಯಾವುದು ಬೇಕಾದರೂ ನೋಡುವಂತಿರಬೇಕು ಅನ್ನೋದು ನನ್ನ ಆಸೆ. ಈಗಿನ ಟಿವಿಯಲ್ಲೇ ಆ್ಯಪ್‌ಗಳು ಇರುತ್ತವೆ, ನಿಜ. ಆದರೆ ಅಪ್ಪನಿಗೆ ಕೈಗೆ ಅಭ್ಯಾಸವಾಗಿರೋದು ಸೆಟ್‌ಟಾಪ್ ಬಾಕ್ಸಿನ ರಿಮೋಟು. ಗೇಟಿನಲ್ಲಿ ಯಾರಿದ್ದಾರೆ ಅಂತ ಮಲಗಿದಲ್ಲಿಂದಲೇ ನೋಡುವ ಅನುಕೂಲವೂ ಅವರಿಗೆ ಬೇಕಿತ್ತು.

ಮೊದಲು ಯೋಚಿಸಿದ್ದು ಉದ್ದದ ಎಚ್‌ಡಿಎಂಐ ಕೇಬಲ್. ಅದು ಆಗದು ಅಂತ ಬೇಗ ಗೊತ್ತಾಯಿತು. ಮಾಮೂಲಿ ತಾಮ್ರದ ಎಚ್‌ಡಿಎಂಐನಲ್ಲಿ 4ಕೆ ಚಿತ್ರ ಐದಾರು ಮೀಟರ್ ದಾಟಿದರೆ ನಂಬಿಕೆ ಇಲ್ಲ. ಅದರ ತಲೆ ಮುಕ್ಕಾಲಿಂಚಿನ ಪೈಪಿನಲ್ಲಿ ತೂರುವುದೂ ಇಲ್ಲ. ಕತ್ತರಿಸಿ, ಎಳೆದು, ಆಮೇಲೆ ತಲೆ ಹಾಕೋಣ ಅಂದರೆ ಅದು ಸೈಟಿನಲ್ಲಿ ಆಗುವ ಕೆಲಸ ಅಲ್ಲ. ಕ್ಯಾಟ್-6 ಅನ್ನೋ ನೆಟ್‌ವರ್ಕ್ ಕೇಬಲ್ ಹಾಗಲ್ಲ. ಎಷ್ಟು ಬೇಕೋ ಅಷ್ಟು ಕತ್ತರಿಸಿ, ಎಳೆದು, ಎರಡೂ ತುದಿಗೆ ಸಾಕೆಟ್ ಹಾಕಬಹುದು.

ಆ ಕೇಬಲ್‌ನಲ್ಲಿ ವೀಡಿಯೊ ಕಳಿಸಲು ನಾನು ಆರಿಸಿದ್ದು ಎಚ್‌ಡಿಬೇಸ್‌ಟಿ ಅನ್ನೋ ತಂತ್ರಜ್ಞಾನ. 2010ರಲ್ಲಿ ಎಲ್‌ಜಿ, ಸ್ಯಾಮ್‌ಸಂಗ್, ಸೋನಿ ಪಿಕ್ಚರ್ಸ್ ಮತ್ತು ಚಿಪ್ ಕಂಪನಿ ವೇಲೆನ್ಸ್ ಸೇರಿ ಇದಕ್ಕೊಂದು ಒಕ್ಕೂಟ ಮಾಡಿದವು. ಕಪಾಟಿನ ಕಡೆ ಒಂದು ಡಬ್ಬಿ, ಟಿವಿ ಹಿಂದೆ ಒಂದು ಡಬ್ಬಿ, ನಡುವೆ ಒಂದೇ ಕ್ಯಾಟ್-6. ಚಿತ್ರ, ಸದ್ದು, ರಿಮೋಟಿನ ಸಿಗ್ನಲ್ ಎಲ್ಲ ಅದರಲ್ಲೇ. ಟಿವಿ ಹಿಂದಿನ ಡಬ್ಬಿಗೆ ಕರೆಂಟ್ ಕೂಡ ಅದೇ ಕೇಬಲ್‌ನಲ್ಲಿ ಬರುವ ಡಬ್ಬಿ ಜೋಡಿಗಳಿವೆ, ನಾನು ಅವನ್ನೇ ತಂದೆ. ಅಗ್ಗದ ಇನ್ನೊಂದು ಬಗೆ ಇದೆ. ಅದು ಚಿತ್ರವನ್ನು ಒತ್ತಿ ಕಿರಿದು ಮಾಡಿ ನೆಟ್‌ವರ್ಕ್ ಸ್ವಿಚ್ ಮೂಲಕ ಕಳಿಸುತ್ತದೆ. ಗೆಳತಿಯೊಬ್ಬರಿಂದ ತಂದು ಹಾಕಿ ನೋಡಿದ್ದೆ. ಹಾಲ್‌ನ ಸದ್ದು ಮೊದಲು, ಕೋಣೆಯದು ಆಮೇಲೆ. ಒಂದೇ ಮಾತು ಎರಡು ಸಲ ಕೇಳುತ್ತಿತ್ತು. ನನಗೆ ಅದು ಸಹಿಸಲಾಗಲಿಲ್ಲ.

ಒಂದು ವಿಷಯ ನೆನಪಿಡಬೇಕು. ಎಚ್‌ಡಿಬೇಸ್‌ಟಿ ಕೇಬಲ್ ನೋಡಲು ಇಂಟರ್ನೆಟ್ ಕೇಬಲ್ ಥರವೇ ಇದ್ದರೂ ಅದು ರೌಟರ್‌ಗೆ ಹೋಗುವಂಥದ್ದಲ್ಲ. ಡಬ್ಬಿಯಿಂದ ಡಬ್ಬಿಗೆ ನೇರ. ಅದರಲ್ಲಿ ಕರೆಂಟ್ ಬೇರೆ ಹರಿಯುತ್ತಿರುತ್ತದೆ, ರೌಟರ್ ಹಾಳಾಗಬಹುದು. ಹಾಗಾಗಿ ಪ್ರತಿ ಟಿವಿಗೂ ಎರಡು ಕೇಬಲ್ ಎಳೆಸಿದೆ, ಒಂದು ವೀಡಿಯೊಗೆ, ಒಂದು ಇಂಟರ್ನೆಟ್‌ಗೆ. ವೀಡಿಯೊ ಸಾಕೆಟ್ ಪಕ್ಕ ಕೆಂಪು ಚುಕ್ಕೆ ಇಟ್ಟಿದ್ದೇನೆ.

ಪೈಪಿನ ವಿಷಯಕ್ಕೆ ಬರುತ್ತೇನೆ. ನನ್ನ ಲೆಕ್ಕದಲ್ಲಿ ಇಡೀ ಕೆಲಸದ ಜೀವ ಇರೋದೇ ಅಲ್ಲಿ. ಕೇಬಲ್ ಬದಲಾಗುತ್ತದೆ, ಡಬ್ಬಿ ಬದಲಾಗುತ್ತದೆ, ಸ್ಲ್ಯಾಬಿನೊಳಗಿನ ಪೈಪ್ ಬದಲಾಗುವುದಿಲ್ಲ. ಕಪಾಟಿನಿಂದ ಪ್ರತಿ ಟಿವಿಗೂ 25 ಎಂಎಂ ಪೈಪ್, ಬೇರೆಯದಕ್ಕೆ ಸೇರಿಸದೆ, ತನ್ನದೇ ದಾರಿಯಲ್ಲಿ. ನಾಲ್ಕನೆಯದು ಮೇಲಕ್ಕೆ, ಸುಮ್ನೆ ಖಾಲಿ. ಕರೆಂಟ್ ಪೈಪಿನಿಂದ ಒಂದಡಿ ದೂರ. ದಾಟಲೇಬೇಕಾದ ಕಡೆ ಅಡ್ಡಲಾಗಿ, ಕೂಡಿಸುವ ಗುರುತಿನ (+) ಹಾಗೆ ದಾಟಿಸಿದೆವು. ತಿರುವಿಗೆ ಎಲ್ಬೋ ಬೇಡ, ಲಾಂಗ್ ಬೆಂಡೇ ಬೇಕು ಅಂತ ಹಟ ಹಿಡಿದೆ. ಕ್ಯಾಟ್-6 ಅನ್ನು ಅದರ ದಪ್ಪದ ನಾಲ್ಕು ಪಟ್ಟಿಗಿಂತ ಬಿಗಿಯಾಗಿ ಬಗ್ಗಿಸಬಾರದು, ಒಳಗೆ ಎರಡೆರಡು ಎಳೆ ಸುತ್ತಿ ಮಾಡಿದ ಜೋಡಿಗಳ ಹೆಣಿಗೆ ಕೆಡುತ್ತದೆ. ಪ್ರತಿ ಪೈಪಿನೊಳಗೆ ಒಂದು ಜಿಐ ತಂತಿ ಬಿಟ್ಟು, ಬಾಯಿಗೆ ಸಿಮೆಂಟ್ ಚೀಲದ ತುಂಡು ತುರುಕಿದೆವು. ಕಾಂಕ್ರೀಟ್ ಹಾಕುವ ಮುಂಚೆ ಟೇಪು ಹಿಡಿದು ಅಳತೆ ಕಾಣುವ ಹಾಗೆ ಮೂವತ್ತು ಫೋಟೊ ತೆಗೆದೆ.

ಗೋಡೆ ಗಾರೆ ಮುಗಿದು, ಒಣಗುವವರೆಗೆ ಕೇಬಲ್ ಎಳೆಯಲಿಲ್ಲ. ನಮ್ಮ ಕಡೆ ಮಳೆ ಗೊತ್ತಲ್ವಾ? ಜಿಐ ತಂತಿಗೆ ಹಳೆ ಬಟ್ಟೆ ಕಟ್ಟಿ ಎಳೆದಾಗ ಒಂದು ಪೈಪಿನಿಂದ ಬಟ್ಟೆ ಪೂರಾ ಒದ್ದೆಯಾಗಿ ಬಂತು. ಕ್ಯೂರಿಂಗ್ ನೀರು ಒಳಗೇ ನಿಂತಿತ್ತು. ಮೂರು ಸಲ ಬಟ್ಟೆ ಎಳೆದ ಮೇಲೆ ಒಣಗಿತು.

ಕೇಬಲ್ ಕೊಳ್ಳುವಾಗ ಅಂಗಡಿಯಲ್ಲೇ ಒಂದು ಎಳೆ ಬಿಡಿಸಿ ಬ್ಲೇಡಿನಿಂದ ಕೆರೆದೆ. ಒಳಗೂ ಕೆಂಪಗಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ, ಅದು ವೀಡಿಯೊಗೂ ಬೇಡ, ಕರೆಂಟ್ ಸಾಗಿಸಲಂತೂ ಬೇಡವೇ ಬೇಡ. ಮೊದಲು ತೋರಿಸಿದ ಡಬ್ಬ ಬೆಳ್ಳಗಿತ್ತು. ಎರಡನೆಯದು ಪೂರ್ತಿ ತಾಮ್ರ, 305 ಮೀಟರಿನ ಡಬ್ಬ. ಎತ್ತಿದಾಗಲೇ ತೂಕದ ವ್ಯತ್ಯಾಸ ಕೈಗೆ ಗೊತ್ತಾಯಿತು. ನಮ್ಮ ಮನೆಯ ಅತಿ ಉದ್ದದ ಓಟ 22 ಮೀಟರ್.

ಸಾಕೆಟ್ ಪಂಚಿಂಗ್, ಅಂದರೆ ಎಳೆಗಳನ್ನು ಸಾಕೆಟ್‌ಗೆ ಒತ್ತಿ ಕೂರಿಸುವುದು, ನಾನೇ ಕಲಿತು ಮಾಡಿದೆ. ಎಳೆಗಳ ಬಣ್ಣದ ಕ್ರಮ ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿ ಒಂದೇ ಕ್ರಮ. ಜೋಡಿಯ ಹೆಣಿಗೆಯನ್ನು ಎಷ್ಟು ಕಡಿಮೆ ಬಿಚ್ಚುತ್ತೀರೋ ಅಷ್ಟು ಒಳ್ಳೆಯದು. ನಾನು ಅರ್ಧ ಇಂಚು ದಾಟಿಸಲಿಲ್ಲ. ಮೊದಲ ಸಾಕೆಟ್‌ಗೆ ಅರ್ಧ ಗಂಟೆ ಹಿಡಿಯಿತು, ಕೊನೆಯದಕ್ಕೆ ಐದು ನಿಮಿಷ.

ಎಲ್ಲ ಹಾಕಿ ಆದ ಮೇಲೆ ಅಪ್ಪನ ಕೋಣೆಯಲ್ಲಿ ತೊಂದರೆ ಶುರುವಾಯಿತು. ಚಿತ್ರ ಚೆನ್ನಾಗಿ ಬರುತ್ತಿತ್ತು. ಹತ್ತು ನಿಮಿಷಕ್ಕೊಮ್ಮೆ ಪರದೆ ಕಪ್ಪಾಗಿ ಎರಡು ಸೆಕೆಂಡಿಗೆ ವಾಪಸ್ ಬರುತ್ತಿತ್ತು. ವಿಕೆಟ್ ಬೀಳುವ ಹೊತ್ತಿಗೇ ಹೀಗಾದರೆ ಅಪ್ಪನಿಗೆ ಹೇಗಾಗಬೇಡ? ಡಬ್ಬಿ ಅದಲು ಬದಲು ಮಾಡಿದೆ. ಸಾಕೆಟ್‌ನಿಂದ ಡಬ್ಬಿಗೆ ಹೋಗುವ ಚಿಕ್ಕ ಕೇಬಲ್ (ಪ್ಯಾಚ್ ಕಾರ್ಡ್) ಬದಲಿಸಿದೆ. ಕೇಬಲ್ ಟೆಸ್ಟರ್ ಹಾಕಿದೆ, ಎಂಟೂ ಎಳೆಯ ದೀಪ ಸಾಲಾಗಿ ಹತ್ತಿದವು. ಅಲ್ಲೇ ನಾನು ಎರಡು ದಿನ ಸಿಕ್ಕಿಹಾಕಿಕೊಂಡೆ. ಟೆಸ್ಟರ್ ಸರಿ ಅಂದಮೇಲೆ ಕೇಬಲ್ ಸರಿ ಅಂದುಕೊಂಡೆ.

ಕೊನೆಗೆ ದಾರಿಯಲ್ಲಿದ್ದ ಜಂಕ್ಷನ್ ಬಾಕ್ಸಿನ ಮುಚ್ಚಳ ತೆಗೆದೆ. ಒಳಗೆ ಕಪ್ಪು ಟೇಪು ಸುತ್ತಿದ ಗಂಟು. ಎಳೆಯುವಾಗ ಕೇಬಲ್ ಎರಡು ಮೀಟರ್ ಸಾಲದೆ ಬಂದಿದೆ, ಸಹಾಯಕ್ಕೆ ಬಂದಿದ್ದ ಹುಡುಗ ಕರೆಂಟ್ ವೈರಿನ ಹಾಗೆ ಎಂಟೂ ಎಳೆಗಳನ್ನು ತಿರುಚಿ ಜೋಡಿಸಿದ್ದಾನೆ. ಟೇಪು ಬಿಚ್ಚಿದರೆ ನಾಲ್ಕು ಇಂಚು ಉದ್ದಕ್ಕೆ ಹೆಣಿಗೆಯೇ ಇಲ್ಲ. ಆ ಟೆಸ್ಟರ್ ನೋಡುವುದು ಎಳೆ ಈ ತುದಿಯಿಂದ ಆ ತುದಿಗೆ ಮುಟ್ಟಿದೆಯೇ ಅಂತ ಮಾತ್ರ. ಸೆಕೆಂಡಿಗೆ ನೂರಾರು ಕೋಟಿ ಬಿಟ್ ಹೋಗುವಾಗ ಪಕ್ಕದ ಜೋಡಿಯ ಗದ್ದಲ ಇದರೊಳಗೆ ಸೇರುತ್ತದೆಯೇ ಅನ್ನೋದು ಆ ದೀಪಗಳಿಗೆ ಗೊತ್ತಾಗುವುದಿಲ್ಲ. ಆ ಹುಡುಗನಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಲೇ ಹೇಳಬೇಕಾದವಳು ನಾನು.

ಪೈಪ್ ಒಂದಿಂಚಿನದಾಗಿದ್ದು ಅಲ್ಲಿ ಕೈಹಿಡಿಯಿತು. ಹಳೇ ಕೇಬಲ್ ತುದಿಗೇ ಹೊಸದನ್ನು ಕಟ್ಟಿ, ಒಂದು ಕಡೆಯಿಂದ ಅಣ್ಣ ಎಳೆದರು, ಇನ್ನೊಂದು ಕಡೆಯಿಂದ ನಾನು ಬಿಡುತ್ತಾ ಹೋದೆ. ಹದಿನೈದು ನಿಮಿಷದ ಕೆಲಸ. ಆ ಭಾನುವಾರ ಅಪ್ಪ ಇಡೀ ಮ್ಯಾಚ್ ನೋಡಿದರು, ಒಂದು ಸಲವೂ ಪರದೆ ಕಪ್ಪಾಗಲಿಲ್ಲ.

ಮೊದಲು ನಾನು ಸ್ಪ್ಲಿಟರ್ ಹಾಕಿದ್ದೆ. ಮೂರೂ ಟಿವಿಗೆ ಒಂದೇ ಚಿತ್ರ. ಅಮ್ಮನಿಗೆ ಧಾರಾವಾಹಿ, ಅಪ್ಪನಿಗೆ ಕ್ರಿಕೆಟ್, ಆಗಲಿಲ್ಲ. ಇನ್ನೊಂದು ತೊಂದರೆ, ಅಪ್ಪನ ಟಿವಿ ಹಳೆಯದು, 1080ಪಿ. ಪ್ರತಿ ಟಿವಿ ತನ್ನ ಶಕ್ತಿ ಎಷ್ಟು ಅಂತ ಚಿತ್ರ ಕಳಿಸುವ ಡಬ್ಬಿಗೆ ಹೇಳಿಕೊಳ್ಳುತ್ತದೆ, ಅದಕ್ಕೆ ಇಡಿಐಡಿ ಅನ್ನುತ್ತಾರೆ. ನಮ್ಮ ಸ್ಪ್ಲಿಟರ್ ಎಲ್ಲರಿಗೂ ಹೊಂದುವ ಕಡಿಮೆಯದನ್ನೇ ಆರಿಸುತ್ತಿತ್ತು, ಹಾಲ್‌ನ 4ಕೆ ಟಿವಿಗೂ 1080ಪಿಯೇ ಹೋಗುತ್ತಿತ್ತು. ಈಗ ನಾಲ್ಕು ಒಳಗೆ, ನಾಲ್ಕು ಹೊರಗೆ ಇರುವ ಮ್ಯಾಟ್ರಿಕ್ಸ್ ಇದೆ, ಯಾವ ಡಬ್ಬಿಯ ಚಿತ್ರವನ್ನಾದರೂ ಯಾವ ಟಿವಿಗಾದರೂ ಕಳಿಸುವಂಥದ್ದು. ಎರಡು ಸೆಟ್‌ಟಾಪ್ ಬಾಕ್ಸ್, ಏಕೆಂದರೆ ಒಂದು ಬಾಕ್ಸ್ ಒಂದು ಹೊತ್ತಿಗೆ ಒಂದೇ ಚಾನೆಲ್ ಕೊಡುತ್ತದೆ. ಜೊತೆಗೆ ಮೀಡಿಯಾ ಪ್ಲೇಯರ್, ಕ್ಯಾಮೆರಾ ರೆಕಾರ್ಡರ್. ಟಿವಿ ಕೆಳಗೆ ಅಂಟಿಸಿದ ಕಡಲೆಯಷ್ಟು ಸೆನ್ಸರ್‌ಗೆ ಅಪ್ಪ ರಿಮೋಟ್ ತೋರಿಸಿದರೆ ಮೆಟ್ಟಿಲ ಕೆಳಗೆ ಚಾನೆಲ್ ಬದಲಾಗುತ್ತದೆ. ಕಪಾಟಿನ ಬಾಗಿಲಿಗೆ ಜಾಲರಿ ಹಾಕಿಸಿದೆ. ಮುಚ್ಚಿಟ್ಟರೆ ಇಷ್ಟೂ ಡಬ್ಬಿ ಸೇರಿ ಕೈ ಇಡಲಾರದಷ್ಟು ಬಿಸಿಯಾಗುತ್ತಿತ್ತು.

ಒಂದು ಪೈಪ್ ಬಿಟ್ಟುಹೋಯಿತು. ಹಾಲ್‌ನ ಚಾವಣಿಯಲ್ಲಿ, ಮುಂದೆ ಎಂದಾದರೂ ಪ್ರೊಜೆಕ್ಟರ್ ಇಟ್ಟರೆ ಬೇಕಾಗುವುದು. ಮೋಲ್ಡ್ ಹಾಕಿದ ವಾರಕ್ಕೇ ನೆನಪಾಯಿತು. ಈಗ ಅಲ್ಲಿ ಬಿಳಿ ಕೇಸಿಂಗ್ ಪಟ್ಟಿ ಹೊಡೆದು ಕೇಬಲ್ ತಂದಿದ್ದೇವೆ. ಸೋಫಾದಲ್ಲಿ ಕೂತು ತಲೆ ಎತ್ತಿದಾಗಲೆಲ್ಲ ಅದೇ ಕಣ್ಣಿಗೆ ಬೀಳುತ್ತದೆ.